ಕೂರೋಕೊಂದು ಸ್ಟೂಲು

ಚಿಕ್ಕಪೇಟೆಯ ಹಳೇ ಸೀರೆ ಅಂಗಡಿಗಳನ್ನ ನೋಡಿದೀರಲ್ಲ? ಚಪ್ಪಲಿ ಬಿಟ್ಟು ಒಳಗೆ ಹೋದ್ರೆ ಬಿಳಿ ಹಾಸಿನ ಗಾದಿ. ಕೊಳ್ಳೋರೂ ಕೂತಿರ್ತಾರೆ, ಸೀರೆ ಬಿಡಿಸಿ ತೋರಿಸೋರೂ ಕೂತಿರ್ತಾರೆ. ವ್ಯಾಪಾರಕ್ಕೇನೂ ಧಕ್ಕೆ ಇಲ್ಲ.

ಅದೇ ನಾಲ್ಕು ಮಹಡಿಯ ಎಸಿ ಶೋರೂಮಿಗೆ ಹೋಗಿ. ಗಿರಾಕಿ ಇರಲಿ ಬಿಡಲಿ, ಸೇಲ್ಸ್ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿವರೆಗೂ ನಿಂತೇ ಇರ್ತಾರೆ. ನಮಗೆ ಆಫೀಸಲ್ಲಿ ಸೊಂಟಕ್ಕೆ ಆಸರೆ ಕೊಡೋ ತಿರುಗೋ ಕುರ್ಚಿ. ಆದ್ರೂ ಬೆನ್ನುನೋವು ಅಂತ ಗೊಣಗ್ತೀವಿ!

ಕಲ್ಲಿಕೋಟೆಯಲ್ಲಿ ಟೈಲರ್ ಆಗಿದ್ದ ಪಿ. ವಿಜಿ, ಅಂಗಡಿ ಕೆಲಸದ ಹೆಣ್ಣುಮಕ್ಕಳನ್ನ ಒಟ್ಟುಗೂಡಿಸಿ ಮೊದಲು ಶೌಚಾಲಯ ಕೇಳಿದ್ರು, ಆಮೇಲೆ ಕೂರೋ ಹಕ್ಕು ಕೇಳಿದ್ರು. 2018ರಲ್ಲಿ ಕೇರಳ ತನ್ನ ಕಾನೂನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಕೂರೋಕೂ ಒಂದು ಕಾನೂನು ಬೇಕಾಯ್ತಲ್ಲ ಅನ್ನೋದೇ ನನಗೆ ಬೇಜಾರು.

"ನಿಂತಿದ್ರೇ ಗಿರಾಕಿಗೆ ಮರ್ಯಾದೆ" ಅಂತಾರೆ ಮಾಲೀಕರು. ಗಿರಾಕಿ ಬಂದಾಗ ಏಳೋದು ಮರ್ಯಾದೆ, ಒಪ್ಪೋಣ. ಖಾಲಿ ಅಂಗಡೀಲಿ ಯಾರಿಗೆ ಮರ್ಯಾದೆ? ಸೀರೆ ಉಟ್ಟ ಬೊಂಬೆಗಳಿಗಾ? ವ್ಯಾಪಾರದ ಲೆಕ್ಕದಲ್ಲೂ ಇದು ನಷ್ಟವೇ. ಕಾಲು ಸೋತವರು ಇಪ್ಪತ್ತನೇ ಸೀರೆಯನ್ನ ನಗ್ತಾ ಬಿಡಿಸೋಕಾಗತ್ತಾ? ಲಕ್ಷಗಟ್ಟಲೆ ಸುರಿದು ದೀಪ, ಕನ್ನಡಿ ಹಾಕಿಸೋರಿಗೆ ಮಹಡಿಗೆ ನಾಲ್ಕು ಸ್ಟೂಲು ಭಾರವಲ್ಲ.

ಅಂಗಡಿಯವರು ಹೆದರೋದು ಗಿರಾಕಿಯ ಮಾತಿಗೆ. ಮುಂದಿನ ಸಲ ಬಿಲ್ ಕೊಡುವಾಗ "ಇವರಿಗೆ ಕೂರೋಕೆ ಏನೂ ಇಲ್ವಾ ಸಾರ್?" ಅಂತ ಒಂದು ಮಾತು ಕೇಳಿಬಿಡೋಣ. ನೀವೇನಂತೀರಿ?