ಮೇಷ್ಟ್ರ ತಲೆಗೆ ಕಟ್ಟಬೇಡಿ, ಮಕ್ಕಳಿಗೆಂದೇ ಒಬ್ಬರನ್ನು ನೇಮಿಸಿ

ಮಕ್ಕಳ ಮಾನಸಿಕ ಆರೋಗ್ಯದ ಮಾತು ಬಂದಾಗ ಆಡಳಿತಕ್ಕೆ ಮೊದಲು ಹೊಳೆಯುವುದು ಶಿಕ್ಷಕರೇ. ಅವರಿಗೆ ಒಂದೆರಡು ದಿನ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಇನ್ನು ಮುಂದೆ ಮಕ್ಕಳ ಮನಸ್ಸನ್ನೂ ನೀವೇ ನೋಡಿಕೊಳ್ಳಿ ಎಂದುಬಿಟ್ಟರೆ ಕೆಲಸ ಮುಗಿಯಿತು ಎಂಬ ಭಾವನೆ. ಇದು ಮಕ್ಕಳಿಗೂ ಅನ್ಯಾಯ, ಶಿಕ್ಷಕರಿಗೂ ಅನ್ಯಾಯ. ಮಕ್ಕಳ ಮಾತು ಕೇಳುವುದೇ ಕೆಲಸವಾಗಿರುವ, ಅದಕ್ಕಾಗಿಯೇ ಸಂಬಳ ಪಡೆಯುವ, ಅದೇ ಊರು ಸೀಮೆಯ ಒಬ್ಬ ವ್ಯಕ್ತಿ ಮಕ್ಕಳ ಕೈಗೆಟುಕುವ ದೂರದಲ್ಲಿ ಇರಬೇಕು. ಅದಕ್ಕಿಂತ ಕಡಿಮೆ ಏನನ್ನೂ ನಾವು ಒಪ್ಪಬಾರದು.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ಖಚಿತವಾಗಿ ಮಾತಾಡಿದೆ. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ 15 ಮಾರ್ಗಸೂಚಿಗಳನ್ನು ಕೊಟ್ಟು, ಪ್ರತ್ಯೇಕ ಕಾನೂನು ಬರುವ ತನಕ ಇವನ್ನೇ ಪಾಲಿಸಬೇಕು ಎಂದಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜಕಾರ್ಯ ಓದಿದವರನ್ನೋ ನೇಮಿಸಿಕೊಳ್ಳಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಆದೇಶ ಒಳ್ಳೆಯದೇ. ಆದರೆ ಬೆಂಗಳೂರಿನ ದೊಡ್ಡ ಖಾಸಗಿ ಶಾಲೆಗೆ ಇದನ್ನು ಪಾಲಿಸುವ ಶಕ್ತಿ ಇದೆ. ಪಾವಗಡ ತಾಲ್ಲೂಕಿನ ಹಳ್ಳಿಯಲ್ಲಿ ನಲವತ್ತು ಮಕ್ಕಳಿರುವ ಸರ್ಕಾರಿ ಶಾಲೆ ಯಾವ ತಜ್ಞರನ್ನು ಎಲ್ಲಿಂದ ಹುಡುಕಿ ತರಬೇಕು? ಶಾಲೆ ಬಿಟ್ಟು ಇಟ್ಟಿಗೆ ಭಟ್ಟಿಗೋ ಗ್ಯಾರೇಜಿಗೋ ಸೇರಿದ ಹುಡುಗ ಯಾರ ಲೆಕ್ಕಕ್ಕೆ ಬರುತ್ತಾನೆ?

ಸಮಸ್ಯೆ ಎಷ್ಟು ದೊಡ್ಡದು ಎಂಬುದನ್ನು ನಮ್ಮದೇ ನಿಮ್ಹಾನ್ಸ್ ದೇಶಕ್ಕೆ ಹೇಳಿದೆ. ಅದು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ. ಅಂದರೆ ಮುನ್ನೂರು ಮಕ್ಕಳ ಪ್ರೌಢಶಾಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರ ಒಂದೇ ವರ್ಷದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044.

ಈ ಮಕ್ಕಳು ನಮ್ಮ ಕಣ್ಣೆದುರೇ ಇರುತ್ತಾರೆ, ಆದರೆ ಗುರುತು ಸಿಗುವುದಿಲ್ಲ. ಒಂಬತ್ತನೇ ತರಗತಿಯ ಹುಡುಗಿ ‘ನನಗೆ ಖಿನ್ನತೆ’ ಎಂದು ಬಂದು ಹೇಳುವುದಿಲ್ಲ. ಹೊಟ್ಟೆನೋವು ಅನ್ನುತ್ತಾಳೆ. ಪ್ರಾರ್ಥನೆಗೆ ನಿಂತಲ್ಲಿ ತಲೆ ಸುತ್ತಿ ಬೀಳುತ್ತಾಳೆ. ಆಸ್ಪತ್ರೆಯಲ್ಲಿ ‘ಗ್ಯಾಸ್ಟ್ರಿಕ್ಕು, ಹೊತ್ತಿಗೆ ಸರಿಯಾಗಿ ಊಟ ಮಾಡಿಸಿ’ ಎಂದು ಮಾತ್ರೆ ಕೊಡುತ್ತಾರೆ. ಅಜ್ಜಿ ಗಾಳಿ ಸೋಕಿದೆ ಎಂದು ಹೆದರಿ ತಾಯತ ಕಟ್ಟಿಸುತ್ತಾಳೆ. ಅಪ್ಪನ ಕುಡಿತ, ಮನೆಯಲ್ಲಿ ಶುರುವಾಗಿರುವ ಮದುವೆಯ ಮಾತು, ಬಸ್‌ಸ್ಟ್ಯಾಂಡಿನಲ್ಲಿ ದಿನವೂ ಹಿಂದೆ ಬೀಳುವ ಹುಡುಗರು: ಇವುಗಳಲ್ಲಿ ಯಾವುದು ಅವಳ ಹೊಟ್ಟೆಯನ್ನು ಹಿಂಡುತ್ತಿದೆ ಎಂದು ಪಕ್ಕದಲ್ಲಿ ಕೂತು ಕೇಳುವವರು ಯಾರೂ ಇರುವುದಿಲ್ಲ. ಇಂಥ ಬಹಳಷ್ಟು ಮಕ್ಕಳಿಗೆ ಬೇಕಾದದ್ದು ಮನೋವೈದ್ಯರ ಚೀಟಿಯಲ್ಲ, ನಂಬಿ ಮಾತಾಡಬಹುದಾದ ಒಬ್ಬರು.

ಆ ಒಬ್ಬರು ಕ್ಲಾಸ್ ಟೀಚರೇ ಆಗಬಾರದೇಕೆ ಎಂದು ಕೇಳುವವರು ಅವರ ದಿನಚರಿಯನ್ನೊಮ್ಮೆ ನೋಡಬೇಕು. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ವಹಿ, ಆನ್‌ಲೈನ್ ದಾಖಲಾತಿ, ಮತದಾರರ ಪಟ್ಟಿ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದನ್ನು ನಾವೆಲ್ಲ ಕಂಡಿದ್ದೇವೆ. ಕೆಲಸದ ಹೊರೆಗಿಂತ ದೊಡ್ಡ ತೊಡಕು ಇನ್ನೊಂದಿದೆ. ಅಂಕ ಹಾಕುವವರು, ಗದರಿಸುವವರು, ಪೋಷಕರ ಸಭೆಯಲ್ಲಿ ಅಪ್ಪನ ಎದುರು ಕೂರುವವರು ಅವರೇ. ‘ಅಪ್ಪ ಕುಡಿದು ಬಂದು ಹೊಡೀತಾರೆ ಮಿಸ್’ ಎಂದು ಮಗು ಹೇಳಿದ ಮಾತು ಸ್ಟಾಫ್‌ರೂಮಿಗೆ ಹೋಗಿ, ಅಲ್ಲಿಂದ ಸಂಜೆಯೊಳಗೆ ಮನೆಗೆ ತಲುಪಿದರೆ ಆ ಮಗು ಮತ್ತೆಂದೂ ಬಾಯಿ ಬಿಡುವುದಿಲ್ಲ. ಒಳ್ಳೆಯ ಶಿಕ್ಷಕರು ಮಗುವಿನ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗಮನಿಸುತ್ತಾರೆ. ಅದು ಅವರ ಪಾಲಿನ ಕೆಲಸ. ಗಮನಿಸಿದ ಮೇಲೆ ಯಾರ ಬಳಿ ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಸರ್ಕಾರ.

ಇದು ಬರೀ ಅನಿಸಿಕೆಯಲ್ಲ. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಂಗಾತ್ ಸಂಸ್ಥೆ ‘ಸೆಹರ್’ ಎಂಬ ಪ್ರಯೋಗ ನಡೆಸಿತು. ಕೆಲವು ಶಾಲೆಗಳಲ್ಲಿ ಕಾರ್ಯಕ್ರಮವನ್ನು ಶಿಕ್ಷಕರಿಗೆ ವಹಿಸಿದರು. ಇನ್ನು ಕೆಲವಕ್ಕೆ, ಮಾನಸಿಕ ತಜ್ಞರಲ್ಲದಿದ್ದರೂ ತರಬೇತಿ ಪಡೆದ ಒಬ್ಬ ‘ಮಿತ್ರ’ರನ್ನು ಅದೇ ಕೆಲಸಕ್ಕೆಂದು ನೇಮಿಸಿದರು. ಮಕ್ಕಳು ಮನಸ್ಸಿನಲ್ಲಿರುವುದನ್ನು ಬರೆದು ಹಾಕಲು ಪೆಟ್ಟಿಗೆ, ಗೋಡೆ ಪತ್ರಿಕೆ, ಬೆಳಗಿನ ಸಭೆಯಲ್ಲಿ ಮಾತು, ಬೇಕಾದವರ ಜೊತೆ ಒಬ್ಬೊಬ್ಬರಾಗಿ ಕೂತು ಸಮಾಲೋಚನೆ: ಎರಡೂ ಕಡೆ ಕಾರ್ಯಕ್ರಮ ಒಂದೇ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಮಿತ್ರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು, ಖಿನ್ನತೆಯ ಲಕ್ಷಣಗಳೂ ಮಕ್ಕಳು ಪರಸ್ಪರ ಪೀಡಿಸುವುದೂ ಕಡಿಮೆಯಾಗಿದ್ದವು. ಶಿಕ್ಷಕರಿಗೆ ವಹಿಸಿದ ಕಡೆ ಅಂಥ ಪ್ರಯೋಜನ ಕಾಣಲಿಲ್ಲ. ಬಡ ರಾಜ್ಯವೊಂದರ ಸರ್ಕಾರಿ ಶಾಲೆಗಳು ಕೊಟ್ಟ ಈ ಉತ್ತರವನ್ನು ಕರ್ನಾಟಕ ಕಡೆಗಣಿಸುವುದಕ್ಕೆ ಯಾವ ಕಾರಣವೂ ಇಲ್ಲ.

ಸಹಾಯವಾಣಿ ಇದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ 14416 ಹಗಲಿರುಳೂ ದೊರೆಯುವ ಉಚಿತ ಸೇವೆ. ಕನ್ನಡದಲ್ಲೂ ಮಾತಾಡುತ್ತಾರೆ. ಈ ಸಂಖ್ಯೆ ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಬೇಕು, ಪ್ರತಿ ಮಗುವಿಗೂ ಬಾಯಿಪಾಠವಾಗಿರಬೇಕು. ಆದರೆ ಮನೆಗೆಲ್ಲ ಇರುವುದು ಅಣ್ಣನ ಒಂದೇ ಫೋನು, ಮಾತಾಡಲು ಇರುವುದು ಒಂದೇ ಕೋಣೆ ಎಂದಾದರೆ ಆ ಮಗು ಕರೆ ಮಾಡುವುದೆಲ್ಲಿಂದ? ನಮ್ಮ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡಿದೆ, ಅದೂ ಬೇಕಾದದ್ದೇ. ಆದರೆ ಅಲ್ಲಿಗೆ ಹೋಗಲು ಮಗು ಶಾಲೆ ಬಿಡಬೇಕು, ತಾಯಿ ಕೂಲಿ ಬಿಡಬೇಕು. ಅದಕ್ಕೂ ಮೊದಲು, ಇದು ಹೊಟ್ಟೆಯ ನೋವಲ್ಲ ಎಂದು ಆ ತಾಯಿಗೆ ಬಿಡಿಸಿ ಹೇಳುವವರು ಊರಿನಲ್ಲಿ ಇರಬೇಕು. ಸಹಾಯವಾಣಿಗೂ ಆಸ್ಪತ್ರೆಗೂ ಮಗುವನ್ನು ತಲುಪಿಸುವ ಕೊಂಡಿಯೇ ಇಲ್ಲದಿರುವುದು ನಮ್ಮ ಕೊರತೆ.

‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ? ಏಟು ತಿಂದೇ ಬೆಳೆಯಲಿಲ್ಲವೇ?’ ಎನ್ನುವ ಹಿರಿಯರಿಗೆ ಗೌರವದಿಂದಲೇ ಒಂದು ಮಾತು. ಆ ಕಾಲದಲ್ಲೂ ಮಕ್ಕಳು ಬಾವಿಗೆ ಹಾರಿದ್ದಾರೆ, ಊರು ಬಿಟ್ಟು ಓಡಿಹೋಗಿದ್ದಾರೆ. ಮರ್ಯಾದೆಗೆ ಅಂಜಿ ನಾವು ಅವರ ಸುದ್ದಿ ಎತ್ತಲಿಲ್ಲ ಅಷ್ಟೆ. ಬದುಕಿ ಉಳಿದವರ ಮಾತನ್ನೇ ಸಾಕ್ಷಿಯಾಗಿಟ್ಟುಕೊಂಡು ಇಂದಿನ ಮಕ್ಕಳಿಗೆ ನೆರವು ಬೇಡ ಎನ್ನಲಾಗದು. ಮೊಬೈಲ್ ಕಿತ್ತುಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಉತ್ತರವಿದೆ. ಮೊಬೈಲಿನ ಹಾವಳಿ ನಿಜ. ಆದರೆ ಅದನ್ನು ಕಿತ್ತುಕೊಂಡ ಕೈ ಮಗುವಿನ ಜೊತೆ ಮಾತಿಗೂ ಕೂರಬೇಕು.

ಇನ್ನು ದುಡ್ಡು. ರಾಜ್ಯದಲ್ಲಿ ಸುಮಾರು 750 ಹೋಬಳಿಗಳಿವೆ. ಹೋಬಳಿಗೊಬ್ಬರಂತೆ ಇಂಥವರನ್ನು ನೇಮಿಸಿ ತಿಂಗಳಿಗೆ 25,000 ರೂಪಾಯಿ ಸಂಬಳ ಕೊಟ್ಟರೆ ವರ್ಷಕ್ಕೆ 22.5 ಕೋಟಿ. ತರಬೇತಿ, ಓಡಾಟ, ಮೇಲ್ವಿಚಾರಣೆಗೆ ಅಷ್ಟೇ ಇನ್ನೊಮ್ಮೆ ಸೇರಿಸಿದರೆ 45 ಕೋಟಿ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಲಕ್ಷ ರೂಪಾಯಿ ಖರ್ಚು ಮಾಡುವವರು ಇದಕ್ಕಾಗಿ ಎತ್ತಿಡಬೇಕಾದದ್ದು ಹನ್ನೊಂದು ರೂಪಾಯಿ. ಹೋಬಳಿಗೊಬ್ಬರು ಸಾಲುವುದಿಲ್ಲ, ನಿಜ. ಅದು ಸಣ್ಣ ಶಾಲೆಗಳಿಗೆ, ಶಾಲೆ ಬಿಟ್ಟ ಮಕ್ಕಳಿಗೆ ಆರಂಭ ಮಾತ್ರ. ದೊಡ್ಡ ಶಾಲೆ, ವಸತಿ ಶಾಲೆ, ಪಿಯು ಕಾಲೇಜುಗಳಿಗೆ ಕೋರ್ಟ್ ಹೇಳಿದಂತೆ ತಮ್ಮದೇ ಸಮಾಲೋಚಕರು ಬೇಕೇ ಬೇಕು.

ಜನರಿಗೂ ಬರವಿಲ್ಲ. ಎಂಎಸ್‌ಡಬ್ಲ್ಯು, ಮನಃಶಾಸ್ತ್ರ ಓದಿ ಕೆಲಸ ಹುಡುಕುತ್ತಿರುವ ಯುವಕ ಯುವತಿಯರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಧಾರವಾಡದ ಡಿಮ್ಹಾನ್ಸ್ ಇದೆ. ಊರಿನ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮಾನಸಿಕ ಆರೋಗ್ಯ ಸೇವೆ ಹಳ್ಳಿಗೆ ತಲುಪುತ್ತದೆ ಎಂದು 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟಿತು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ದೇಶಕ್ಕೆ ದಾರಿ ತೋರಿಸಿದ ರಾಜ್ಯ ತನ್ನ ಮಕ್ಕಳ ವಿಷಯದಲ್ಲಿ ಹಿಂದೆ ಬೀಳಬಾರದು.

ನೇಮಕಕ್ಕೆ ಕೆಲವು ಷರತ್ತುಗಳಿರಲಿ. ಗೌರವಧನದ ಹೆಸರಲ್ಲಿ ಪುಡಿಗಾಸು ಕೊಡುವುದು ಬೇಡ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಭರವಸೆ ಪಡೆಯಲು ಫ್ರೀಡಂ ಪಾರ್ಕಿನ ಚಳಿಯಲ್ಲಿ ಅಹೋರಾತ್ರಿ ಕೂರಬೇಕಾಯಿತು. ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯೂ ಬೇಡ, ಏಕೆಂದರೆ ಮಕ್ಕಳಲ್ಲಿ ನಂಬಿಕೆ ಬೆಳೆಯಲು ಒಂದೇ ಮುಖ ವರ್ಷಗಟ್ಟಲೆ ಕಾಣಬೇಕು. ಮಗು ಹೇಳಿದ್ದು ಗುಟ್ಟಾಗಿ ಉಳಿಯಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು, ಅದನ್ನು ಮಗುವಿಗೆ ಮೊದಲೇ ತಿಳಿಸುವ ಜಾಣ್ಮೆಯೂ ಬೇಕು. ಚುನಾವಣೆ, ಸಮೀಕ್ಷೆ ಎಂದು ಇವರನ್ನು ಬೇರೆ ಕೆಲಸಕ್ಕೆ ಎಳೆಯಕೂಡದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಆರೋಗ್ಯ ಸೇವೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ಹಕ್ಕನ್ನು ಕೇಳಿ ಪಡೆಯಬೇಕು. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ, ಗ್ರಾಮಸಭೆಯಲ್ಲಿ, ಮತ ಕೇಳಲು ಬಂದವರ ಮುಂದೆ ತಂದೆತಾಯಂದಿರು ಇದೊಂದು ಪ್ರಶ್ನೆ ಎತ್ತಲಿ: ನಮ್ಮ ಮಕ್ಕಳ ಮಾತು ಕೇಳಲು ನೀವು ಯಾರನ್ನು ನೇಮಿಸಿದ್ದೀರಿ, ಅವರ ಹೆಸರೇನು, ಯಾವ ದಿನ ಎಲ್ಲಿ ಸಿಗುತ್ತಾರೆ? ಹೆಸರು ಹೇಳುವ ತನಕ ಕೇಳುವುದನ್ನು ನಿಲ್ಲಿಸಬಾರದು.