ಅಳತೆಯನ್ನು ಬಟನ್ನೇ ಹೇಳಲಿ

ಬೋಧನಾಭ್ಯಾಸದಲ್ಲಿ ನಾನು ಪದವಿಪೂರ್ವ ತರಗತಿಗೆ ತೆಗೆದುಕೊಂಡ ಗಣಕ ವಿಜ್ಞಾನದ ಒಂದು ಪಾಠ ಮಾರ್ಗದರ್ಶಕರ ಎದುರೇ ಕೆಟ್ಟಿತು. ಆ ಪಾಠದ ಬಗ್ಗೆಯೇ ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಅಂದು ಕೆಟ್ಟ ಭಾಗವೇ ಮಕ್ಕಳಿಗೆ ಹೆಚ್ಚು ಕಲಿಸಿತು ಎಂಬುದು ನನ್ನ ಅಭಿಪ್ರಾಯ.

ಕಲಿಕಾಂಶ ಇನ್ಹೆರಿಟೆನ್ಸ್ ಮತ್ತು ಪಾಲಿಮಾರ್ಫಿಸಂ. ನಾವೆಲ್ಲ ಕೊಡುವ ಉದಾಹರಣೆ ಗೊತ್ತೇ ಇದೆ: ಪ್ರಾಣಿ ಎಂಬುದು ಮೂಲ ಕ್ಲಾಸ್, ನಾಯಿ ಮತ್ತು ಬೆಕ್ಕು ಅದರಿಂದ ಬಂದವು, ನಾಯಿ ಬೊಗಳುತ್ತದೆ, ಬೆಕ್ಕು ಮಿಯಾಂವ್ ಎನ್ನುತ್ತದೆ. ಮಕ್ಕಳು ನಗುತ್ತಾರೆ, ವ್ಯಾಖ್ಯೆ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತಾರೆ. ಆದರೆ ಇದು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಪದವಿ ಮುಗಿಯುವವರೆಗೂ ನನ್ನ ಬಳಿಯೂ ಇರಲಿಲ್ಲ.

ಹಾಗಾಗಿ ಉಪನ್ಯಾಸಕರ ಒಪ್ಪಿಗೆ ಪಡೆದು, ಜಾವಾದ ಸ್ವಿಂಗ್‌ನಲ್ಲಿ ಒಂದು ಪುಟ್ಟ ರಸಪ್ರಶ್ನೆ ಕಿಟಕಿ ಬರೆದುಕೊಂಡು ಹೋದೆ. ಒಂದು ಲೇಬಲ್, ಒಂದು ಪಠ್ಯಪೆಟ್ಟಿಗೆ, ‘ಉತ್ತರ ಪರೀಕ್ಷಿಸಿ’ ಎಂಬ ಬಟನ್. ಪ್ರತಿಯೊಂದರ ಜಾಗ ಮತ್ತು ಅಳತೆಯನ್ನು ಸೆಟ್‌ಬೌಂಡ್ಸ್ ಬಳಸಿ ಪಿಕ್ಸೆಲ್ ಲೆಕ್ಕದಲ್ಲಿ ನಾನೇ ಕೊಟ್ಟಿದ್ದೆ. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಪ್ರಯೋಗಾಲಯದಲ್ಲಿದ್ದುದು ಲಿನಕ್ಸ್. ಅಲ್ಲಿ ಕನ್ನಡಕ್ಕೆ ಬೇರೆ ಫಾಂಟ್ ಬಂತು, ಅಕ್ಷರಗಳು ಅಗಲವಾದವು, ಬಟನ್ ಮೇಲೆ ‘ಉತ್ತರ ಪ...’ ಎಂದಷ್ಟೇ ಉಳಿಯಿತು. ಅದಕ್ಕೂ ಐದು ನಿಮಿಷ ಮೊದಲು, ಜಾವಾ ಪ್ರೋಗ್ರಾಂ ಯಾವ ಯಂತ್ರದಲ್ಲಾದರೂ ಓಡುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ, “ಓಡಿತು ಮಿಸ್, ಆದ್ರೆ ಅರ್ಧ ಓಡಿತು” ಎಂದ.

ಪಾಠಯೋಜನೆಯನ್ನು ಬದಿಗಿಟ್ಟು ಆ ಮಾತನ್ನೇ ಹಿಡಿದೆ. ಅರ್ಧ ಓಡಿದ್ದು ಏಕೆ? 1996ರಲ್ಲಿ ಜಾವಾದ ಮೊದಲ ಆವೃತ್ತಿಯೊಂದಿಗೆ ಬಂದ ಎಡಬ್ಲ್ಯೂಟಿ, ಬಟನ್ ಬೇಕೆಂದಾಗ ಆಯಾ ಆಪರೇಟಿಂಗ್ ಸಿಸ್ಟಂನ ಬಟನ್ನನ್ನೇ ಕೇಳಿ ತರುತ್ತಿತ್ತು. ಹಾಗಾಗಿ ಒಂದೊಂದು ಯಂತ್ರದಲ್ಲಿ ಒಂದೊಂದು ರೂಪ. ಎಲ್ಲ ಕಡೆ ಸಿಗುವ ಕೆಲವೇ ವಿಜೆಟ್‌ಗಳಿಗೆ ತೃಪ್ತಿಪಡಬೇಕಿತ್ತು. 1998ರ ಕೊನೆಗೆ ಜಾವಾ 1.2ರ ಭಾಗವಾದ ಸ್ವಿಂಗ್, ಸಿಸ್ಟಂನಿಂದ ಹೊರಗಿನ ಕಿಟಕಿಯನ್ನು ಮಾತ್ರ ಪಡೆದು, ಒಳಗಿನ ಬಟನ್, ಪಟ್ಟಿ, ಕೋಷ್ಟಕಗಳನ್ನು ಜಾವಾದಲ್ಲೇ ಚಿತ್ರಿಸಿತು. ಯಂತ್ರದ ಹಂಗು ಕಡಿಮೆಯಾಯಿತು. ಆದರೆ ನಾನು ಅಳತೆಯನ್ನು ಕೈಯಾರೆ ನಿಗದಿ ಮಾಡಿ ಆ ಹಂಗನ್ನು ಮತ್ತೆ ತಂದುಕೊಂಡಿದ್ದೆ.

ಮಕ್ಕಳ ಎದುರೇ ಸೆಟ್‌ಬೌಂಡ್ಸ್ ಸಾಲುಗಳನ್ನು ಅಳಿಸಿ ಫ್ಲೋಲೇಔಟ್ ಹಾಕಿದೆ, ಕೊನೆಯಲ್ಲಿ ಪ್ಯಾಕ್ ಎಂದು ಕರೆದೆ. ಬಟನ್ ಪೂರ್ತಿ ಕಂಡಿತು. ಲೇಔಟ್ ಮಾಡಿದ್ದು ಇಷ್ಟೆ: ಪ್ರತಿ ವಿಜೆಟ್‌ನ ಗೆಟ್‌ಪ್ರಿಫರ್ಡ್‌ಸೈಜ್ ಕರೆದು ‘ನಿನಗೆಷ್ಟು ಜಾಗ ಬೇಕು?’ ಎಂದು ಕೇಳಿತು. ಎದುರಿಗಿರುವುದು ಲೇಬಲ್ಲೋ ಬಟನ್ನೋ ಅದಕ್ಕೆ ಗೊತ್ತಿರಬೇಕಿಲ್ಲ. ಪ್ರಶ್ನೆ ಒಂದೇ, ಉತ್ತರ ಅವರವರದು. ಪಾಲಿಮಾರ್ಫಿಸಂ ಎಂದರೆ ಇದೇ, ಮತ್ತು ಇಲ್ಲಿ ಅದಿಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ಮರುದಿನದ ಅವಧಿಯಲ್ಲಿ ಮಕ್ಕಳೇ ಒಂದು ವಿಜೆಟ್ ಕಟ್ಟಿದರು: ಸಂಚಾರ ದೀಪ. ಜೆಕಾಂಪೊನೆಂಟ್ ಕ್ಲಾಸನ್ನು ವಿಸ್ತರಿಸಿ, ಪೇಂಟ್‌ಕಾಂಪೊನೆಂಟ್‌ನಲ್ಲಿ ಮೂರು ವೃತ್ತ ಬಿಡಿಸುವುದು. ಒಂದು ಗುಂಪಿನ ಕೋಡ್ ತಪ್ಪಿಲ್ಲದೆ ಕಂಪೈಲ್ ಆಯಿತು, ಆದರೆ ದೀಪ ಕಾಣಲೇ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ಆ ಗುಂಪಿನ ಹುಡುಗಿ, “ನಮ್ಮ ದೀಪ ಎಷ್ಟು ದೊಡ್ಡದು ಅಂತ ಯಾರಿಗೂ ಹೇಳೇ ಇಲ್ವಲ್ಲ ಮಿಸ್” ಎಂದಳು. ಗೆಟ್‌ಪ್ರಿಫರ್ಡ್‌ಸೈಜ್ ಅನ್ನು ಓವರ್‌ರೈಡ್ ಮಾಡದ ಕಾರಣ ಅದರ ಅಳತೆ ಹೆಚ್ಚುಕಡಿಮೆ ಸೊನ್ನೆಯಾಗಿತ್ತು. ಓವರ್‌ರೈಡಿಂಗ್‌ನ ವ್ಯಾಖ್ಯೆಯನ್ನು ಆ ಹುಡುಗಿಗೆ ನಾನು ಬರೆಸಬೇಕಾಗಲಿಲ್ಲ.

ಇದಕ್ಕೆ ಆಕ್ಷೇಪಗಳಿವೆ. ಸ್ವಿಂಗ್ ಹಳೆಯದು ಎಂದು ಸಹಪಾಠಿಗಳು ಹೇಳಿದರು. ನಿಜ. ಆದರೆ ಪ್ರಶ್ನೆ ಹಳೆಯದಾಗಿಲ್ಲ. ಇಂದಿನ ಮೊಬೈಲ್ ಆ್ಯಪ್‌ಗಳಲ್ಲೂ ಫ್ಲಟರ್ ತನ್ನ ವಿಜೆಟ್‌ಗಳನ್ನು ತಾನೇ ಚಿತ್ರಿಸುತ್ತದೆ, ರಿಯಾಕ್ಟ್ ನೇಟಿವ್ ಫೋನಿನ ಬಟನ್ನನ್ನೇ ಬಳಸುತ್ತದೆ. ಎಡಬ್ಲ್ಯೂಟಿ ಮತ್ತು ಸ್ವಿಂಗ್ ಹಿಡಿದ ಎರಡು ದಾರಿಗಳೇ ಇವು. ಅವಧಿ ಸಾಲದು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನನಗೆ ಒಂದರ ಬದಲು ಎರಡು ಅವಧಿ ಬೇಕಾಯಿತು, ಮುಂದಿನ ಘಟಕ ಒಂದು ದಿನ ಹಿಂದೆ ಬಿತ್ತು. ನಾಯಿ–ಬೆಕ್ಕಿನ ಪಾಠವನ್ನು ಪರೀಕ್ಷೆಗೆ ಮುನ್ನ ಮತ್ತೆ ಹೇಳಿಕೊಡುವ ಸಮಯವನ್ನೂ ಲೆಕ್ಕಕ್ಕೆ ಹಿಡಿದರೆ ಇದು ನಷ್ಟವಲ್ಲ ಎಂದುಕೊಂಡಿದ್ದೇನೆ.

ಮಾರ್ಗದರ್ಶಕರು ವೀಕ್ಷಣಾ ಹಾಳೆಯಲ್ಲಿ ‘ಪ್ರಾತ್ಯಕ್ಷಿಕೆಯ ಪೂರ್ವಸಿದ್ಧತೆ ಸಾಲದು’ ಎಂದು ಬರೆದರು. ಅದನ್ನು ಒಪ್ಪುತ್ತೇನೆ. ಪ್ರಯೋಗಾಲಯದ ಯಂತ್ರದಲ್ಲಿ ಮೊದಲೇ ಓಡಿಸಿ ನೋಡಬೇಕಿತ್ತು. ಆದರೆ ಹಾಗೆ ನೋಡಿದ್ದರೆ ನಾನು ಬಟನ್ನಿನ ಅಗಲವನ್ನು ಸದ್ದಿಲ್ಲದೆ ಹೆಚ್ಚಿಸಿ, ತಪ್ಪು ಪಾಠವನ್ನೇ ಚೆನ್ನಾಗಿ ಮಾಡಿ ಬರುತ್ತಿದ್ದೆ.

ಬೋಧಕರಲ್ಲಿ ನನ್ನ ವಿನಂತಿ ಚಿಕ್ಕದು. ಗಣಕ ವಿಜ್ಞಾನದ ಪಾಠಯೋಜನೆಯಲ್ಲಿ ಒಂದು ಪ್ರೋಗ್ರಾಂ ಎರಡು ಬೇರೆ ಬೇರೆ ಯಂತ್ರಗಳಲ್ಲಿ ಓಡುವುದನ್ನು ಮಕ್ಕಳು ನೋಡುವ ಒಂದು ಹಂತ ಇರಲಿ. ಅಲ್ಲಿ ಅದು ಕೆಟ್ಟರೆ ಪ್ರಶಿಕ್ಷಣಾರ್ಥಿ ಏನು ಮಾಡಿದರು ಎಂಬುದಕ್ಕೂ ವೀಕ್ಷಣಾ ಹಾಳೆಯಲ್ಲಿ ಒಂದು ಅಂಕಣ ಇರಲಿ.