ಕಡಲಿಲ್ಲದ ಕಡಲ ಬೀದಿ

ಪರದೇಶದಲ್ಲಿ ನೆಲೆಸಿದ ಮಕ್ಕಳನ್ನು ಕಂಡುಬರಲು ಹೋಗುವ ತಂದೆತಾಯಿಗಳ ಸಂಖ್ಯೆ ಹಾಸನದ ಸೀಮೆಯಲ್ಲಿಯೂ ಈಗ ಕಡಿಮೆಯೇನಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ ಅಮೆರಿಕ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ, ಅಂತಹ ಪ್ರಯಾಣವೇ ಊರಿಗೆಲ್ಲ ಒಂದು ಸುದ್ದಿ. ಇಂದೋ, ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಚಟ್ನಿಪುಡಿ, ಹಪ್ಪಳಗಳ ಪೊಟ್ಟಣಗಳನ್ನು ಪೆಟ್ಟಿಗೆಗೆ ತುರುಕಿಕೊಂಡು ವಿಮಾನ ಹಿಡಿಯಲು ಹೊರಟವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಹೊಳೆನರಸೀಪುರದ ನಿವೃತ್ತ ಮೇಷ್ಟರೊಬ್ಬರು ಪತ್ನೀಸಮೇತರಾಗಿ ಹೋದದ್ದು ಸಿಂಗಪುರಕ್ಕೆ. ಮಗನಿಗೆ ರಜೆ ದೊರೆಯಲಿಲ್ಲ. ಒಂದು ದಿನದ ಮಟ್ಟಿಗೆ ಚೀನೀ ಮೂಲದ ತರುಣಿಯೊಬ್ಬಳನ್ನು ಮಾರ್ಗದರ್ಶಿನಿಯಾಗಿ ಗೊತ್ತುಮಾಡಿ, ತಂದೆತಾಯಿಗಳನ್ನು ಆಕೆಯ ವಶಕ್ಕೆ ಒಪ್ಪಿಸಿ ಕಚೇರಿಗೆ ನಡೆದನು. ಆಕೆಯ ಇಂಗ್ಲಿಷು ಗಾಣದಿಂದ ಎಣ್ಣೆ ಇಳಿದಂತೆ ಧಾರಾಕಾರ. ಮೇಷ್ಟರಿಗೆ ತಿಳಿಯುತ್ತಿತ್ತು, ಅವರ ಪತ್ನಿಗೆ ತಿಳಿಯದು. ಹೀಗಾಗಿ ಆ ದಿನ ಮಾರ್ಗದರ್ಶಕರು ಇಬ್ಬರಾದರು. ಆಕೆ ಹತ್ತು ಮಾತನಾಡಿದರೆ ಮೇಷ್ಟರು ಒಂದನ್ನು ಕನ್ನಡಕ್ಕೆ ಇಳಿಸುವರು. ಉಳಿದ ಒಂಬತ್ತು ಎಲ್ಲಿ ಹೋದುವೆಂದು ಪತ್ನಿ ಕೇಳಿದರೆ, “ಅದೆಲ್ಲ ಬರೀ ಇಸವಿ, ನಿನಗ್ಯಾಕೆ?” ಎನ್ನುವರು. ಪತಿಗಳಾದವರು ಊರಿನಲ್ಲಿ ಮಾಡುವುದನ್ನೇ ಪರದೇಶದಲ್ಲಿಯೂ ಮಾಡುತ್ತಾರೆ.

ಮೊದಲು ಕಂಡದ್ದು ಸಿಂಹದ ತಲೆ, ಮೀನಿನ ಮೈ ಉಳ್ಳ, ಬಾಯಿಂದ ನೀರುಗುಳುವ ಮೆರ್‌ಲಯನ್. 1972ರಲ್ಲಿ ನಿಲ್ಲಿಸಿದ ವಿಗ್ರಹ. ಹಳೇಬೀಡಿನ ಗೋಡೆಯ ಮೇಲೆ ಮಕರಗಳ ಸಾಲನ್ನೇ ಕಂಡ ಕಣ್ಣುಗಳಿಗೆ ಅದು ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಸೌತ್ ಬ್ರಿಡ್ಜ್ ರಸ್ತೆಯ ಮಾರಿಯಮ್ಮನ ಗುಡಿಯಲ್ಲಿ ಇಬ್ಬರೂ ಕೈಮುಗಿದರು. 1827ರಲ್ಲಿ ಸ್ಥಾಪಿತವಾದ ಆ ಗುಡಿಯಲ್ಲಿ ಕುಂಕುಮ ದೊರೆತದ್ದರಿಂದ ಆಕೆಗೆ ಊರು ಸ್ವಲ್ಪ ಹತ್ತಿರವಾಯಿತು.

ಮಾತು ತಡೆದದ್ದು ತೆಲೋಕ್ ಅಯರ್ ಬೀದಿಯಲ್ಲಿ. ಮಲಯ ಭಾಷೆಯ ಆ ಹೆಸರಿನಲ್ಲಿಯೇ ಕೊಲ್ಲಿಯೂ ಇದೆ, ನೀರೂ ಇದೆ. ಅಲ್ಲಿ 1842ರಲ್ಲಿ ಪೂರ್ಣಗೊಂಡ ಒಂದು ಚೀನೀ ದೇವಾಲಯವುಂಟು. ಅದರ ಅಧಿದೇವತೆ ಮಾಝು, ಕಡಲಿನವರನ್ನು ಕಾಯುವ ತಾಯಿ. ದೂರದ ಚೀನದಿಂದ ಜೀವ ಹಿಡಿದುಕೊಂಡು ಬಂದವರು ದಡಕ್ಕೆ ಕಾಲಿಟ್ಟೊಡನೆ ಇಲ್ಲಿ ಹರಕೆ ಒಪ್ಪಿಸುತ್ತಿದ್ದರು. ಅದೇ ಬೀದಿಯಲ್ಲಿ ತಮಿಳು ಕರಾವಳಿಯ ಮುಸಲ್ಮಾನರು ಕಟ್ಟಿದ ನಾಗೂರು ದರ್ಗಾ ಇದೆ.

“ರೀ, ಸಮುದ್ರ ಎಲ್ಲಿ?” ಎಂದು ಆಕೆ ಸುತ್ತ ನೋಡಿದರು. ಎದುರಿಗೆ ಆಕಾಶಕ್ಕೆ ಏಣಿ ಹಾಕಿದಂತಹ ಕಟ್ಟಡಗಳು, ಮೋಟಾರುಗಳು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುಡ್ಡ ಕಡಿದ ಮಣ್ಣನ್ನು ತಂದು ಸುರಿದು ಕಡಲನ್ನು ಹಿಂದಕ್ಕೆ ತಳ್ಳಿದ್ದರು. ಆ ಕೆಲಸ ಇಂದಿಗೂ ನಿಂತಿಲ್ಲ. 1960ರ ದಶಕದಲ್ಲಿ ಸುಮಾರು 580 ಚದರ ಕಿಲೋಮೀಟರು ಇದ್ದ ದ್ವೀಪ ಈಗ 730ನ್ನು ದಾಟಿದೆ. ಮೇಷ್ಟರು ಈ ಲೆಕ್ಕವನ್ನು ಮಾತ್ರ ಬಿಡದೆ ಹೇಳಿದರು. ಆಕೆ ಕೇಳಿ, “ನಮ್ಮಲ್ಲಿ ನೆಲದ ಮೇಲೆ ನೀರು ಬಂತು, ಇಲ್ಲಿ ನೀರಿನ ಮೇಲೆ ನೆಲ ಬಂದಿದೆ” ಎಂದು ಸುಮ್ಮನಾದರು.

ಆ ಮಾತಿನ ಹಿನ್ನೆಲೆ ಮೇಷ್ಟರಿಗೆ ಗೊತ್ತು. ಆಕೆಯ ತವರೂರು ಹೇಮಾವತಿಯ ದಡದ ಒಂದು ಹಳ್ಳಿ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತಾಗ, ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅದೂ ಒಂದು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಗೋಡೆಗಳು ಬೇಸಿಗೆಯಲ್ಲಿ ಮೇಲೇಳುವುದನ್ನು ನೋಡಲು ಜನ ಕಾರು ಮಾಡಿಕೊಂಡು ಹೋಗುತ್ತಾರೆ. ಆಕೆ ಒಮ್ಮೆಯೂ ಹೋದವರಲ್ಲ. ಆ ನೀರಿನಿಂದ ತುಮಕೂರು, ಮಂಡ್ಯಗಳ ಗದ್ದೆಗಳು ಹಸಿರಾದುವೆಂಬುದು ನಿಜ. ಮುಳುಗಿದ ಮನೆಯವರಿಗೆ ಅದನ್ನು ಹೇಳುವ ಧೈರ್ಯ ಯಾರಿಗಿದೆ?

ಮಧ್ಯಾಹ್ನ ಅವರನ್ನು ಕರೆದೊಯ್ದದ್ದು ಮರೀನಾ ಕಟ್ಟೆಗೆ. 2008ರಲ್ಲಿ ತೆರೆದ, ಒಂಬತ್ತು ಉಕ್ಕಿನ ಬಾಗಿಲುಗಳ ಕಟ್ಟೆಯದು. ಕಡಲಿನ ಉಪ್ಪುನೀರನ್ನು ಹೊರಗೆ ತಡೆದು, ಒಳಗಿನ ಬಂದರನ್ನೇ ಸಿಹಿನೀರಿನ ಕೆರೆಯಾಗಿಸಿದೆ. ಸ್ವಂತ ದೊಡ್ಡ ಹೊಳೆಯಿಲ್ಲದ ದೇಶ. ನೆರೆಯ ಜೋಹೋರಿನಿಂದ ನೀರು ಕೊಳ್ಳುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ತನ್ನ ನೀರನ್ನು ತಾನೇ ಹೊಂದಿಸಿಕೊಳ್ಳುವ ಛಲ ಅದಕ್ಕೆ.

“ಇಲ್ಲಿದ್ದವರನ್ನೆಲ್ಲ ಎಲ್ಲಿಗೆ ಕಳಿಸಿದರು, ಕೇಳಿ.”

“ಇಲ್ಲಿ ಯಾರೂ ಇರಲಿಲ್ಲ ಕಣೇ. ಸಮುದ್ರ ಇತ್ತು.”

“ಸಮುದ್ರ ಇದ್ದ ಮೇಲೆ ದೋಣಿಯವರು ಇರಲಿಲ್ವೆ? ನೀವು ಕೇಳಿ ಅಂದೆ.”

ಮೇಷ್ಟರು ಸಂಕೋಚದಿಂದಲೇ ಕೇಳಿದರು. ಬೆಳಗಿನಿಂದ ಎಡೆಬಿಡದೆ ನುಡಿಯುತ್ತಿದ್ದ ಮಾರ್ಗದರ್ಶಿನಿ ಮೊದಲ ಬಾರಿಗೆ ತಡವರಿಸಿದಳು. ಈ ನೀರಿಗೆ ಬಂದು ಸೇರುವ ಹೊಳೆಯಲ್ಲಿ ಹಿಂದೆ ಸರಕಿನ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತಿದ್ದುವಂತೆ. ಕೊಳೆತು ನಾರುತ್ತಿದ್ದ ಹೊಳೆಯನ್ನು ಶುದ್ಧಗೊಳಿಸುವ ಕಾರ್ಯ 1977ರಿಂದ ಹತ್ತು ವರ್ಷ ನಡೆಯಿತು. ದಡದ ಸಾವಿರಾರು ಕುಟುಂಬಗಳು ಬೇರೆಡೆಗೆ ಹೋದುವು. 1983ರಲ್ಲಿ ದೋಣಿಗಳನ್ನೆಲ್ಲ ಪಾಸಿರ್ ಪಂಜಾಂಗಿಗೆ ಸಾಗಿಸಿದರು. ಅವಳ ತಾತ ಆ ದೋಣಿಗಳಲ್ಲಿ ಅಕ್ಕಿಮೂಟೆ ಹೊರುತ್ತಿದ್ದವನು. ಹೊಸ ಸ್ಥಳದಲ್ಲಿ ಅವನಿಗೆ ಒಗ್ಗಲಿಲ್ಲ. ಕೆಲಸ ಬಿಟ್ಟಮೇಲೂ ಸಂಜೆಯ ವೇಳೆ ಹಳೆಯ ದಂಡೆಗೆ ಬಂದು, ತಿಳಿಯಾದ ನೀರನ್ನು ನೋಡುತ್ತ ಕುಳಿತಿರುತ್ತಿದ್ದನಂತೆ.

ಈ ಸಾರಿ ಮೇಷ್ಟರು ಒಂದು ಮಾತನ್ನೂ ಬಿಡದೆ, ಇಸವಿಗಳನ್ನೂ ಸೇರಿಸಿ, ಕನ್ನಡದಲ್ಲಿ ಹೇಳಿದರು. ಕೇಳಿ ಮುಗಿಸಿದ ಆಕೆ ಚೀಲದಿಂದ ಕೋಡುಬಳೆಯ ಪೊಟ್ಟಣವನ್ನು ತೆಗೆದು ಹುಡುಗಿಯ ಕೈಗಿಟ್ಟು, ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದರು. ಕಾರ್ಯಕ್ರಮದ ಪ್ರಕಾರ ನೋಡಬೇಕಾಗಿದ್ದ ಸಸ್ಯೋದ್ಯಾನ ಅಂದು ಹಾಗೆಯೇ ಉಳಿಯಿತು.